ಕನ್ಸರ್ಟ್ ಪಿಯಾನಿಸ್ಟರ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕಛೇರಿಗಳಲ್ಲಿ ಪಿಯಾನಿಸ್ಟರ ಎಡಕ್ಕೆ ಕೂತು ಸ್ವರಲಿಪಿಯ ಪುಟ ತಿರುವುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಸಭಾಂಗಣದ ಯಾವ ಸೀಟಿನಿಂದಲೂ ಕಾಣದ್ದು ಆ ಕುರ್ಚಿಯಿಂದ ಕಾಣುತ್ತದೆ. ಕಛೇರಿ ಮುಗಿಸಿ ಹೊರಗೆ ಬಂದಾಗ ಜನ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅಲ್ಲಿ ನಿಂತ ನಿಲುವಿನಲ್ಲಿ ಕೊಟ್ಟ ಚುಟುಕು ಉತ್ತರಗಳು ನನಗೇ ಸಮಾಧಾನ ತಂದಿರಲಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಪಿಯಾನೊ ಚೆನ್ನಾಗಿ ನುಡಿಸುವವರೆಲ್ಲ ಕನ್ಸರ್ಟ್ ಪಿಯಾನಿಸ್ಟರೇ ಅಲ್ಲವೇ?

ಅಲ್ಲ. ಗಾಯಕರಿಗೆ ಸಾಥ್ ಕೊಡುವವರು, ಬ್ಯಾಲೆ ತರಗತಿಗೆ ನುಡಿಸುವವರು, ಒಪೆರಾ ಎಂಬ ಸಂಗೀತ ನಾಟಕಗಳ ತಾಲೀಮು ನಡೆಸಿಕೊಡುವವರು, ಮಕ್ಕಳಿಗೆ ಪಾಠ ಹೇಳುವವರು, ಇವರಲ್ಲಿ ಎಷ್ಟೋ ಜನ ಅಸಾಧಾರಣ ವಾದಕರು. ಟಿಕೆಟ್ ಕೊಂಡು ಬಂದ ಸಭೆಯ ಮುಂದೆ ಒಬ್ಬರೇ ಕೂತು, ಇಲ್ಲವೇ ಆರ್ಕೆಸ್ಟ್ರಾದ ಜೊತೆ ಮುಖ್ಯ ವಾದಕರಾಗಿ ನುಡಿಸುವುದನ್ನೇ ವೃತ್ತಿ ಮಾಡಿಕೊಂಡವರಿಗೆ ಮಾತ್ರ ಈ ಹೆಸರು.

ಒಂದು ಇಡೀ ಸಂಜೆಯನ್ನು ಒಬ್ಬರೇ ತುಂಬಬಹುದು ಎನ್ನುವುದೇ ಒಂದು ಕಾಲಕ್ಕೆ ಹೊಸ ಮಾತು. ಮೊದಲೆಲ್ಲ ಒಂದೇ ಕಛೇರಿಯಲ್ಲಿ ಗಾಯನ, ಪಿಟೀಲು, ಆರ್ಕೆಸ್ಟ್ರಾ ಎಲ್ಲ ಸರದಿಯ ಮೇಲೆ ಬಂದುಹೋಗುತ್ತಿದ್ದವು. ಫ್ರಾಂಜ್ ಲಿಸ್ಟ್ 1839ರಲ್ಲಿ ರೋಮಿನಲ್ಲಿ ಒಬ್ಬರೇ ನುಡಿಸಿ ತೋರಿಸಿದರು. ಮರುವರ್ಷ ಲಂಡನ್ನಿನಲ್ಲಿ ತಮ್ಮ ಕಛೇರಿಗೆ 'ರಿಸೈಟಲ್ಸ್', ಅಂದರೆ ಪಠಣಗಳು, ಎಂದು ಹೆಸರಿಟ್ಟಾಗ, ಪಿಯಾನೊದ ಮೇಲೆ ಪಠಣ ಮಾಡುವುದು ಹೇಗೆ ಎಂದು ಜನ ಬೆರಗಾದರು. ಅದೇ ಲಿಸ್ಟ್ 1847ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿ ಇದ್ದಾಗ, 35ನೇ ವಯಸ್ಸಿಗೇ ಸಂಭಾವನೆಗಾಗಿ ನುಡಿಸುವುದನ್ನು ಬಿಟ್ಟುಬಿಟ್ಟರು.

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು?

ಹೆಚ್ಚಿನವರು ಐದಾರು ವರ್ಷಕ್ಕೇ ಪಿಯಾನೊದ ಮುಂದೆ ಕೂತವರು. ಕ್ಲಾರಾ ವೀಕ್, ಮುಂದೆ ಕ್ಲಾರಾ ಶೂಮನ್ ಆದವರು, 1828ರಲ್ಲಿ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ನುಡಿಸಿದಾಗ ಅವರಿಗೆ ಒಂಬತ್ತು ವರ್ಷ. ಆದರೆ ಇದನ್ನೇ ನಿಯಮ ಅಂದುಕೊಳ್ಳಬೇಡಿ. ಸ್ವ್ಯಾತಸ್ಲಾವ್ ರಿಕ್ಟರ್ ಬಹುಮಟ್ಟಿಗೆ ತಾವೇ ಕಲಿತವರು. ಒಡೆಸ್ಸಾದ ಒಪೆರಾದಲ್ಲಿ ತಾಲೀಮಿಗೆ ನುಡಿಸುತ್ತಿದ್ದವರು 1937ರಲ್ಲಿ, 22ನೇ ವಯಸ್ಸಿನಲ್ಲಿ, ಮಾಸ್ಕೊಗೆ ಹೋಗಿ ಹೈನ್ರಿಕ್ ನೈಗೌಸ್ ಅವರ ಶಿಷ್ಯರಾದರು. ಆಲ್ಫ್ರೆಡ್ ಬ್ರೆಂಡೆಲ್ 16ರ ನಂತರ ಕ್ರಮವಾದ ಪಾಠವನ್ನೇ ಹೇಳಿಸಿಕೊಳ್ಳಲಿಲ್ಲ.

ಪಾಠ ಬೇಗ ಶುರುವಾಗಲಿ, ವೇದಿಕೆ ತಡವಾಗಲಿ ಎನ್ನುವವರ ಪೈಕಿ ನಾನು. ಹತ್ತು ವರ್ಷದ ಮಗು ನುಡಿಸುವಾಗ ಸಭೆ ಚಪ್ಪಾಳೆ ತಟ್ಟುವುದು ಅದರ ವಯಸ್ಸಿಗೆ, ಮಗು ಅದು ತನ್ನ ಸಂಗೀತಕ್ಕೆ ಬಿದ್ದದ್ದು ಅಂದುಕೊಳ್ಳುತ್ತದೆ. ಹದಿನೆಂಟು ದಾಟಿದ ಮೇಲೆ ಆ ಚಪ್ಪಾಳೆ ತಾನಾಗಿ ಕಡಿಮೆಯಾದಾಗ ಅದನ್ನು ತಡೆದುಕೊಳ್ಳುವುದು ಎಷ್ಟೋ ಜನರಿಗೆ ಆಗುವುದಿಲ್ಲ.

ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಮಾಡುತ್ತಾರೆ?

ವಿದ್ಯಾರ್ಥಿ ದೆಸೆಯಲ್ಲಿ ಐದಾರು ಗಂಟೆ ಸಾಮಾನ್ಯ. ನಂತರ ಮೂರು, ನಾಲ್ಕು. ಶೋಪ್ಯಾಂ ತಮ್ಮ ಶಿಷ್ಯರಿಗೆ ಮೂರು ಗಂಟೆ ಮೀರಬೇಡಿ ಎಂದೇ ಹೇಳುತ್ತಿದ್ದರು. ಆದರೆ ಗಂಟೆಯ ಲೆಕ್ಕ ಕೇಳುವುದರಿಂದ ಅಭ್ಯಾಸ ಏನೆಂದು ಗೊತ್ತಾಗುವುದಿಲ್ಲ. ಅದಕ್ಕೆ ಪಿಯಾನೊದ ಒಳಗೆ ಏನಾಗುತ್ತದೆ ಎಂದು ತಿಳಿದಿರಬೇಕು.

ಪಿಯಾನೊದ ಒಂದು ಕೀ ಕೆಳಗೆ ಇಳಿಯುವುದು ಸುಮಾರು ಒಂದು ಸೆಂಟಿಮೀಟರ್. ಅಷ್ಟರಲ್ಲಿ ಅದು ಒಳಗಿನ ಸುತ್ತಿಗೆಯನ್ನು ಎಸೆಯುತ್ತದೆ. ಹೌದು, ಎಸೆಯುವುದೇ. ತಂತಿಗೆ ತಾಗುವ ಮುಂಚೆಯೇ ಸುತ್ತಿಗೆ ಕೀಯಿಂದ ಬಿಡಿಸಿಕೊಂಡಿರುತ್ತದೆ. ಅಲ್ಲಿಂದಾಚೆ ಆ ಸ್ವರದ ಮೇಲೆ ಬೆರಳಿಗೆ ಹಿಡಿತ ಇಲ್ಲ. ಕೊಳಲು ಬಾರಿಸುವವರು ಉಸಿರಿನಿಂದ ಸ್ವರವನ್ನು ಬೆಳೆಸಬಹುದು, ಪಿಟೀಲಿನವರು ಕಮಾನಿನಿಂದ. ಪಿಯಾನೊದ ಸ್ವರ ಮಾತ್ರ ಹುಟ್ಟಿದ ಗಳಿಗೆಯಿಂದ ಕ್ಷೀಣಿಸುತ್ತಲೇ ಹೋಗುತ್ತದೆ. ಹಾಗಿದ್ದೂ ಒಳ್ಳೆಯ ಪಿಯಾನಿಸ್ಟರ ಕೈಯಲ್ಲಿ ಅದು ಹಾಡಿದಂತೆ ಕೇಳುತ್ತದೆ. ಕ್ಷೀಣಿಸುತ್ತಿರುವ ಒಂದು ಸ್ವರದ ಬಾಲಕ್ಕೆ ಮುಂದಿನ ಸ್ವರವನ್ನು ಎಷ್ಟು ಮೆಲ್ಲಗೆ ಪೋಣಿಸಬೇಕು ಎಂಬ ಲೆಕ್ಕಾಚಾರ ಅದು. ಆ ಲೆಕ್ಕ ಹಾಕುವುದು ಕಿವಿ.

ಒಮ್ಮೆ ಕಛೇರಿಯ ದಿನ ಬೆಳಿಗ್ಗೆ ಒಬ್ಬರು ಅಭ್ಯಾಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಕೇವಲ ಎರಡು ಸಾಲು, ಸುಮಾರು ಮುಕ್ಕಾಲು ಗಂಟೆ. ಮೊದಲು ಎಡಗೈ ಒಂದೇ, ನಾದವನ್ನು ಹಿಡಿದಿಡುವ ಕಾಲಿನ ಪೆಡಲ್ ಇಲ್ಲದೆ. ಆಮೇಲೆ ಬಲಗೈ, ಅರ್ಧ ವೇಗದಲ್ಲಿ. ನಾಲ್ಕು ಸ್ವರ ಒಟ್ಟಿಗೆ ಬರುವ ಕಡೆ ಮೇಲಿನ ಸ್ವರ ಮಾತ್ರ ಎದ್ದು ಕೇಳಬೇಕಿತ್ತು. ಹೆಬ್ಬೆರಳು ಅದನ್ನು ನುಂಗುತ್ತಿತ್ತು. ಮತ್ತೆ, ಮತ್ತೆ. ಒಂದು ಹಂತದಲ್ಲಿ ಕೈ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಆ ಸಾಲನ್ನು ಗುನುಗಿಕೊಂಡರು. ಪುನಃ ನುಡಿಸಿದಾಗ ಹೆಬ್ಬೆರಳಿನ ಸದ್ದು ತಗ್ಗಿತ್ತು. ಬೆರಳಿಗೆ ಏನೂ ಹೊಸದಾಗಿ ಹೇಳಿಕೊಟ್ಟಿರಲಿಲ್ಲ, ಕಿವಿಗೆ ತನಗೇನು ಬೇಕೆಂದು ಖಚಿತವಾಗಿತ್ತು, ಅಷ್ಟೇ.

ಕೈ ದೊಡ್ಡದಿರಬೇಕೇ?

ಇದ್ದರೆ ಅನುಕೂಲ, ಇಲ್ಲದಿದ್ದರೆ ದಾರಿ ಇದೆ. ಒಂದು ಸಪ್ತಕದ ಅಗಲ ಸುಮಾರು 16.5 ಸೆಂಟಿಮೀಟರ್. ರಾಖ್ಮಾನಿನೊಫ್ ಅವರ ಕೈಗಳು ಭಾರಿ ದೊಡ್ಡವು. ಅವರ ಕೃತಿಗಳನ್ನು ನುಡಿಸುವವರೆಲ್ಲ ಅದರ ಕಷ್ಟ ಉಣ್ಣುತ್ತಾರೆ. ಆದರೆ ಅಲಿಸಿಯಾ ದೆ ಲಾರೋಚಾ ಅವರ ಕೈ ಚಿಕ್ಕದು, ಎತ್ತರವೂ ಕಡಿಮೆ; ರಾಖ್ಮಾನಿನೊಫ್ ಅವರ ಮೂರನೇ ಕನ್ಚೆರ್ಟೊವನ್ನೂ (ಮುಖ್ಯ ವಾದಕರು ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿ) ಅವರು ನುಡಿಸಿದರು. ಯೋಸೆಫ್ ಹಾಫ್‌ಮನ್ ಅವರಿಗಾಗಿ ಕೀಗಳನ್ನು ತುಸು ಕಿರಿದು ಮಾಡಿದ ಪಿಯಾನೊಗಳನ್ನೇ ತಯಾರಿಸಿದ್ದರು.

ಒಳ್ಳೆಯ ಗುರು ಎಷ್ಟು ಮುಖ್ಯ?

ಬಹಳ. ಈ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ, ಪಕ್ಕದಲ್ಲಿ ಕೂತವರ ಕಿವಿಯಿಂದ ಬರುವಂಥದ್ದು. ಬೆತೋವೆನ್ ಅವರ ಶಿಷ್ಯ ಕಾರ್ಲ್ ಚೆರ್ನಿ. ಚೆರ್ನಿಯ ಶಿಷ್ಯರು ಲಿಸ್ಟ್ ಮತ್ತು ಲೆಶೆಟಿಟ್ಸ್ಕಿ. ಲೆಶೆಟಿಟ್ಸ್ಕಿಯ ಶಿಷ್ಯರಲ್ಲಿ ಒಬ್ಬರಾದ ಪಾಡೆರೆವ್ಸ್ಕಿ 1919ರಲ್ಲಿ ಪೋಲೆಂಡಿನ ಪ್ರಧಾನಿಯೇ ಆದರು. ಇನ್ನೊಬ್ಬ ಶಿಷ್ಯ ಆರ್ಟುರ್ ಶ್ನಾಬೆಲ್ 1930ರ ದಶಕದಲ್ಲಿ ಬೆತೋವೆನ್ನರು ಒಂಟಿ ಪಿಯಾನೊಗೆ ಬರೆದ 32 ಸೊನಾಟಾ ಎಂಬ ಕೃತಿಗಳನ್ನೂ ಮೊದಲ ಬಾರಿಗೆ ಧ್ವನಿಮುದ್ರಿಸಿದರು. ಆ ಶ್ನಾಬೆಲ್ ಅವರ ಬಳಿ ಕಲಿತವರು ಲಿಯಾನ್ ಫ್ಲೈಶರ್, ಅವರ ವಿಷಯ ಕೆಳಗೆ ಬರುತ್ತದೆ. ಇಂದು ಯಾವುದೋ ಕೊಠಡಿಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿರುವ ಹುಡುಗಿಯ ವಂಶವೃಕ್ಷವೂ ಹೀಗೆಯೇ ಏಳೆಂಟು ತಲೆಮಾರಿನಲ್ಲಿ ಬೆತೋವೆನ್ ತನಕ ಹೋಗಬಹುದು.

ಎಲ್ಲವನ್ನೂ ಬಾಯಿಪಾಠ ಮಾಡುವುದು ಯಾಕೆ? ನಡುವೆ ಮರೆತರೆ?

ಒಂಟಿಯಾಗಿ ನುಡಿಸುವಾಗ ಪುಸ್ತಕ ಇಡಬಾರದು ಎಂಬುದು ಶಾಸ್ತ್ರವೇನಲ್ಲ, ನಡೆದುಬಂದ ರೂಢಿ. ಅದನ್ನು ಗಟ್ಟಿ ಮಾಡಿದವರಲ್ಲಿ ಕ್ಲಾರಾ ಶೂಮನ್ ಮತ್ತು ಲಿಸ್ಟ್ ಮುಖ್ಯರು. ಕ್ಲಾರಾ ಮೊದಮೊದಲು ಪುಸ್ತಕವಿಲ್ಲದೆ ನುಡಿಸಿದಾಗ ಅದನ್ನು ಸೊಕ್ಕು ಎಂದವರಿದ್ದರು. ಈಗ ಪುಸ್ತಕ ಇಟ್ಟುಕೊಂಡರೆ ಹುಬ್ಬೇರಿಸುವವರಿದ್ದಾರೆ. ರಿಕ್ಟರ್ ತಮ್ಮ ಕೊನೆಯ ವರ್ಷಗಳಲ್ಲಿ ಸಭಾಂಗಣದ ದೀಪ ಆರಿಸಿ, ಸ್ವರಲಿಪಿಯ ಮೇಲೆ ಬೀಳುವಷ್ಟೇ ಒಂದು ಸಣ್ಣ ದೀಪ ಇಟ್ಟುಕೊಂಡು ನುಡಿಸಿದರು. ಆ ಸಂಗೀತ ಕೇಳಿದ ಮೇಲೆ ಬಾಯಿಪಾಠವೇ ಶ್ರೇಷ್ಠ ಎಂದು ವಾದಿಸಲು ನನಗೆ ನಾಲಿಗೆ ಏಳುವುದಿಲ್ಲ.

ನೆನಪು ಒಂದೇ ಕಡೆ ಇರುವುದಿಲ್ಲ. ಬೆರಳಿಗೆ ಒಂದು ನೆನಪು, ಕಿವಿಗೆ ಒಂದು, ಪುಟದ ಚಿತ್ರ ಕಣ್ಣಿಗೆ ಒಂದು, ಕೃತಿಯ ಕಟ್ಟಡ ತಿಳಿದ ಬುದ್ಧಿಗೆ ಒಂದು. ಎಲ್ಲಕ್ಕಿಂತ ಮೊದಲು ಕೈಕೊಡುವುದು ಬೆರಳಿನ ನೆನಪು. ಅಂಗೈ ಬೆವರಿದರೆ ಸಾಕು, ಅದು ಗೊಂದಲಕ್ಕೆ ಬೀಳುತ್ತದೆ. ಅದಕ್ಕೇ ಅನುಭವಿಗಳು ಕೃತಿಯ ಉದ್ದಕ್ಕೂ ಅಲ್ಲಲ್ಲಿ ತಂಗುದಾಣಗಳನ್ನು ಮಾಡಿಕೊಂಡಿರುತ್ತಾರೆ. ಎಲ್ಲಿ ತಪ್ಪಿದರೂ ಮುಂದಿನ ತಂಗುದಾಣಕ್ಕೆ ಹಾರಿ ಅಲ್ಲಿಂದ ಸಾಗುವುದು. ಸಭೆಯಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಪರೀಕ್ಷೆ ಪಿಯಾನಿಸ್ಟ್ ಮರಿಯಾ ಜುವಾವ್ ಪೀರೆಶ್ ಅವರಿಗೆ ಬಂತು. ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ಸಭಾಂಗಣ, ಆರ್ಕೆಸ್ಟ್ರಾದ ನಿರ್ದೇಶಕರು ರಿಕಾರ್ಡೊ ಶಾಯಿ. ಆರ್ಕೆಸ್ಟ್ರಾ ಮೊಟ್ಸಾರ್ಟ್‌ರ ಡಿ ಮೈನರ್ ಕನ್ಚೆರ್ಟೊ ಶುರು ಮಾಡಿತು. ಪೀರೆಶ್ ತಯಾರಾಗಿ ಬಂದಿದ್ದು ಮೊಟ್ಸಾರ್ಟ್‌ರದ್ದೇ ಬೇರೊಂದು ಕನ್ಚೆರ್ಟೊಗೆ. ಎದುರಿಗೆ ಸಭೆ ಕೂತಿದೆ. ಅವರ ಮುಖ ಕಳೆಗುಂದಿ, ತಲೆ ಕೈಯಲ್ಲಿ ಹಿಡಿದುಕೊಂಡದ್ದನ್ನು ಆ ದಿನದ ವಿಡಿಯೊದಲ್ಲಿ ಇವತ್ತಿಗೂ ನೋಡಬಹುದು. ಶಾಯಿ ಕೋಲು ಬೀಸುತ್ತಲೇ, ನಗುನಗುತ್ತ, ನಿಮಗೆ ಇದು ಚೆನ್ನಾಗಿ ಗೊತ್ತಿದೆ ಎಂದು ಧೈರ್ಯ ತುಂಬುತ್ತಾರೆ. ಆ ಕೃತಿಯಲ್ಲಿ ಪಿಯಾನೊ ಬರುವ ಮುಂಚೆ ಆರ್ಕೆಸ್ಟ್ರಾ ಎರಡು ನಿಮಿಷಕ್ಕೂ ಹೆಚ್ಚು ನುಡಿಸುತ್ತದೆ. ಆ ಎರಡು ನಿಮಿಷ ಅವರು ಬೆರಳುಗಳನ್ನು ನೆಚ್ಚಿಕೊಂಡಿರಲಾರರು, ಒಳಗೆ ಕೇಳಿಸಿಕೊಳ್ಳುತ್ತಿದ್ದರು ಅನ್ನಿಸುತ್ತದೆ. ತಮ್ಮ ಸರದಿ ಬಂದಾಗ ಕೈಯೆತ್ತಿ ನುಡಿಸಿದರು, ಕೊನೆಯವರೆಗೂ.

ಪಿಯಾನಿಸ್ಟರು ತಮ್ಮ ಪಿಯಾನೊವನ್ನು ಜೊತೆಗೆ ಒಯ್ಯುತ್ತಾರೆಯೇ?

ನನ್ನ ಮಟ್ಟಿಗೆ ಈ ವೃತ್ತಿಯ ಅತಿ ಕುತೂಹಲದ ಸಂಗತಿ ಇದೇ. ಪಿಟೀಲಿನವರು ತಮ್ಮ ವಾದ್ಯವನ್ನು ಕಂಕುಳಲ್ಲಿ ಇಟ್ಟುಕೊಂಡು ಲೋಕ ಸುತ್ತಬಹುದು. ಕನ್ಸರ್ಟ್ ಗ್ರ್ಯಾಂಡ್ ಪಿಯಾನೊ ಸುಮಾರು 2.7 ಮೀಟರ್ ಉದ್ದ, ತೂಕ ಅರ್ಧ ಟನ್ನಿನ ಹತ್ತಿರ. ಒಳಗೆ 200ಕ್ಕೂ ಹೆಚ್ಚು ತಂತಿಗಳು, ಅವೆಲ್ಲ ಸೇರಿ ಕಬ್ಬಿಣದ ಚೌಕಟ್ಟಿನ ಮೇಲೆ ಹಾಕುವ ಎಳೆತ ಸುಮಾರು 20 ಟನ್. ಹಾಗಾಗಿ ಹೆಚ್ಚಿನವರು ಹೋದ ಹೋದ ಊರಿನಲ್ಲಿ ಇರುವ ಪಿಯಾನೊವನ್ನೇ ನುಡಿಸಬೇಕು.

ಹೊರತಾದವರೂ ಇದ್ದಾರೆ. ಹೊರೊವಿಟ್ಸ್ 61 ವರ್ಷಗಳ ನಂತರ, 1986ರಲ್ಲಿ, ತಾವು ಬಿಟ್ಟುಹೋಗಿದ್ದ ನಾಡಿಗೆ ಮರಳಿ ಮಾಸ್ಕೊದಲ್ಲಿ ನುಡಿಸಿದಾಗ ಅವರ ಸ್ವಂತ ಪಿಯಾನೊ ಕೂಡ ಪ್ರಯಾಣ ಮಾಡಿತ್ತು. ಕ್ರಿಸ್ಟಿಯನ್ ಜಿಮರ್‌ಮನ್ ಕೂಡ ತಮ್ಮದನ್ನು ಒಯ್ಯುವವರು. ರಿಕ್ಟರ್ ತದ್ವಿರುದ್ಧ. ಅದೇ 1986ರಲ್ಲಿ ಸೈಬೀರಿಯಾದ ಉದ್ದಕ್ಕೂ ತಿಂಗಳುಗಟ್ಟಲೆ ಸಂಚರಿಸಿ, ಸಣ್ಣ ಸಣ್ಣ ಊರುಗಳಲ್ಲಿ ಸಿಕ್ಕ ಪಿಯಾನೊಗಳ ಮೇಲೆ ನುಡಿಸಿದರು. ಗ್ಲೆನ್ ಗೂಲ್ಡ್ ಹೋದಲ್ಲೆಲ್ಲ ಕೊಂಡೊಯ್ದದ್ದು ಕುರ್ಚಿಯನ್ನು. ತಂದೆ ಸರಿಮಾಡಿಕೊಟ್ಟ ಆ ಮಡಿಚುವ ಕುರ್ಚಿ ನೆಲದಿಂದ ಸುಮಾರು 35 ಸೆಂಟಿಮೀಟರ್ ಎತ್ತರದ್ದು. ಅದರ ಕೂರುವ ಜಾಗ ಹರಿದುಹೋದ ಮೇಲೂ ಬಿಡಲಿಲ್ಲ.

ಉಳಿದವರ ಪಾಡು ಹೀಗೆ: ಮಧ್ಯಾಹ್ನ ಸಭಾಂಗಣಕ್ಕೆ ಬಂದು, ಕೋಟು ಬಿಚ್ಚುವ ಮುಂಚೆಯೇ ನಿಂತುಕೊಂಡು ಒಂದೆರಡು ಸ್ವರ ಒತ್ತಿ ನೋಡುತ್ತಾರೆ. ನಂತರ ಕೂತು ಮಂದ್ರದಿಂದ ತಾರದವರೆಗೆ ಮೆಲ್ಲಗೆ ಹೋಗಿಬರುತ್ತಾರೆ. ಯಾವ ಕೀ ಮೊಂಡು, ಯಾವುದು ಕಿರುಚುತ್ತದೆ, ನಾದವನ್ನು ಮೆದು ಮಾಡುವ ಎಡ ಪೆಡಲ್ ಒತ್ತಿದರೆ ಬಣ್ಣ ಎಷ್ಟು ಬದಲಾಗುತ್ತದೆ. ಪಕ್ಕದಲ್ಲಿ ಪಿಯಾನೊವನ್ನು ಶ್ರುತಿ ಮಾಡುವ ಟ್ಯೂನರ್ ಕೈಕಟ್ಟಿ ನಿಂತು ಪಿಯಾನಿಸ್ಟರ ಮುಖವನ್ನೇ ನೋಡುತ್ತಿರುತ್ತಾರೆ. ನಡುಮಧ್ಯದ ಒಂದು ಸ್ವರ ಗಡುಸಾಗಿದೆ ಎಂದರೆ, ಟ್ಯೂನರ್ ಕೀಗಳ ಚೌಕಟ್ಟನ್ನು ಡ್ರಾಯರ್‌ನಂತೆ ಹೊರಗೆ ಎಳೆದು, ಆ ಒಂದು ಸುತ್ತಿಗೆಯ ಉಣ್ಣೆಗೆ ಸೂಜಿಯಿಂದ ನಾಲ್ಕು ಸಲ ಚುಚ್ಚಿ ಮೆದು ಮಾಡಿ ಮತ್ತೆ ಒಳಗೆ ತಳ್ಳುತ್ತಾರೆ. ಸ್ವರ ನಿಜಕ್ಕೂ ಬದಲಾಗಿರುತ್ತದೆ! ನಾನು ಅದನ್ನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಟ್ಯೂನರ್ ಹೆಸರು ಹೆಚ್ಚಾಗಿ ಕರಪತ್ರದಲ್ಲಿ ಇರುವುದಿಲ್ಲ. ಇರಬೇಕು.

ಇಷ್ಟಾದರೂ ಸಂಜೆ ಜನ ತುಂಬಿದಾಗ ಸಭಾಂಗಣದ ನಾದ ಬೇರೆಯೇ ಆಗುತ್ತದೆ. ಬಟ್ಟೆ, ಮೈ ಎಲ್ಲ ಸದ್ದನ್ನು ಹೀರುತ್ತವೆ. ಮೊದಲ ಐದು ನಿಮಿಷ ಪಿಯಾನಿಸ್ಟ್ ನುಡಿಸುತ್ತಲೇ ಮಧ್ಯಾಹ್ನದ ಲೆಕ್ಕವನ್ನೆಲ್ಲ ತಿದ್ದಿಕೊಳ್ಳುತ್ತಿರುತ್ತಾರೆ.

ಪಿಯಾನೊವನ್ನು ಅಡ್ಡಲಾಗಿ ಇಡುವುದು ಏಕೆ?

ಎತ್ತಿದ ಮುಚ್ಚಳಕ್ಕೆ ಬಡಿದ ನಾದ ಸಭೆಯ ಕಡೆಗೆ ತಿರುಗಲಿ ಎಂದು. ಮುಚ್ಚಳ ಬಲಕ್ಕೆ ತೆರೆಯುವುದರಿಂದ ಸಭೆಗೆ ಪಿಯಾನಿಸ್ಟರ ಬಲ ಮಗ್ಗುಲು ಕಾಣುತ್ತದೆ. ಕೈ ಕಾಣಬೇಕೆನ್ನುವವರು ಎಡಭಾಗದ ಸೀಟು ಹಿಡಿಯುತ್ತಾರೆ. ಕೇಳಬೇಕೆನ್ನುವವರಿಗೆ ಬಲಭಾಗವೂ ಚೆನ್ನ.

ದೊಡ್ಡ ಸ್ಪರ್ಧೆ ಗೆಲ್ಲಲೇಬೇಕೇ?

ಗೆದ್ದರೆ ಬಾಗಿಲು ಬೇಗ ತೆರೆಯುತ್ತದೆ. 1958ರಲ್ಲಿ, ಶೀತಲ ಸಮರದ ಕಾಲದಲ್ಲಿ, ಮಾಸ್ಕೊದ ಮೊದಲ ಚೈಕೋವ್ಸ್ಕಿ ಸ್ಪರ್ಧೆಯನ್ನು 23 ವರ್ಷದ ಅಮೆರಿಕನ್ ವ್ಯಾನ್ ಕ್ಲೈಬರ್ನ್ ಗೆದ್ದರು. ನ್ಯೂಯಾರ್ಕ್ ಅವರನ್ನು ಬೀದಿ ಮೆರವಣಿಗೆಯಲ್ಲಿ ಸ್ವಾಗತಿಸಿತು. ಅದರ ಮರುಪುಟವೂ ಇದೆ. ಹೋದಲ್ಲೆಲ್ಲ ಜನ ಸ್ಪರ್ಧೆಯಲ್ಲಿ ನುಡಿಸಿದ ಅದೇ ಚೈಕೋವ್ಸ್ಕಿ, ಅದೇ ರಾಖ್ಮಾನಿನೊಫ್ ಕೃತಿಗಳನ್ನು ನುಡಿಸಿ ಎಂದರು. 1978ರ ಹೊತ್ತಿಗೆ ದಣಿದು ಅವರು ವೇದಿಕೆಯಿಂದ ದೂರ ಸರಿದರು, ಮತ್ತೆ ನುಡಿಸಿದ್ದು 1987ರಲ್ಲಿ.

ಸೋತು ಹೆಸರಾದವರೂ ಉಂಟು. 1980ರ ವಾರ್ಸಾ ಶೋಪ್ಯಾಂ ಸ್ಪರ್ಧೆಯಲ್ಲಿ ಇವೊ ಪೊಗೊರೆಲಿಚ್ ಕೊನೆಯ ಸುತ್ತಿಗೆ ಹೋಗದೇ ಹೊರಬಿದ್ದಾಗ, ತೀರ್ಪುಗಾರರಲ್ಲಿ ಒಬ್ಬರಾಗಿದ್ದ ಮಾರ್ಟಾ ಆರ್ಗೆರಿಚ್ ಪ್ರತಿಭಟಿಸಿ ಎದ್ದುಹೋದರು. ಸ್ವತಃ ಆರ್ಗೆರಿಚ್ 1965ರಲ್ಲಿ ಅದೇ ಸ್ಪರ್ಧೆ ಗೆದ್ದವರು. 1980ರಲ್ಲಿ ಗೆದ್ದ ಡಾಂಗ್ ಥಾಯ್ ಸಾನ್ ವಿಯೆಟ್ನಾಮಿನವರು, ಆ ಸ್ಪರ್ಧೆ ಗೆದ್ದ ಮೊದಲ ಏಷ್ಯನ್. ಅವರೂ ಅಪರೂಪದ ವಾದಕರೇ, ಗಲಾಟೆಯ ನಡುವೆ ಅವರನ್ನು ಮರೆಯುವುದು ಅನ್ಯಾಯ. ಬ್ರೆಂಡೆಲ್ 1949ರ ಬುಸೋನಿ ಸ್ಪರ್ಧೆಯಲ್ಲಿ ಬಂದದ್ದು ನಾಲ್ಕನೆಯವರಾಗಿ.

ಸಂಪಾದನೆ ಹೇಗೆ?

ಬೆರಳೆಣಿಕೆಯ ಜನರಿಗೆ ತುಂಬ ಚೆನ್ನಾಗಿ, ಉಳಿದವರಿಗೆ ತಾಳಮೇಳವಿಲ್ಲದೆ. ತಿಂಗಳ ಸಂಬಳ ಇಲ್ಲ, ಕಛೇರಿಗೆ ಇಷ್ಟು ಎಂಬ ಸಂಭಾವನೆ. ಅದರಲ್ಲಿ ಏಜೆಂಟರ ಪಾಲು ಹೋಗುತ್ತದೆ, ಪ್ರಯಾಣದ ಖರ್ಚೂ ಹಲವು ಸಲ ಅದರಲ್ಲೇ. ಜ್ವರ ಬಂದು ಕಛೇರಿ ರದ್ದಾದರೆ ಸಾಮಾನ್ಯವಾಗಿ ಸಂಭಾವನೆಯೂ ಇಲ್ಲ. ಹಾಗಾಗಿ ಪಾಠ ಹೇಳುವುದು ಬಹುತೇಕರ ಬದುಕಿನ ಭಾಗ. ರಾಖ್ಮಾನಿನೊಫ್ 1917ರ ಕ್ರಾಂತಿಯ ನಂತರ ರಷ್ಯಾ ಬಿಟ್ಟಾಗ ನಲವತ್ತು ದಾಟಿತ್ತು, ಆಸ್ತಿ ಕೈತಪ್ಪಿತ್ತು. ಸಂಸಾರ ಸಾಕಲು ಪೂರ್ಣಕಾಲದ ಕನ್ಸರ್ಟ್ ಪಿಯಾನಿಸ್ಟರಾದರು. ಮುಂದಿನ ಇಪ್ಪತ್ತೈದು ವರ್ಷ ಊರೂರು ಸುತ್ತಿದರು, ಆ ಅವಧಿಯಲ್ಲಿ ರಚಿಸಿದ ಕೃತಿಗಳು ಬಹಳ ಕಡಿಮೆ.

ಮನೆ, ಮಕ್ಕಳು, ಒಂಟಿತನ?

ಕ್ಲಾರಾ ಶೂಮನ್ ಎಂಟು ಮಕ್ಕಳ ತಾಯಿ. 1854ರಲ್ಲಿ ಗಂಡ, ಸಂಗೀತ ರಚನೆಕಾರ ರಾಬರ್ಟ್ ಶೂಮನ್, ಮಾನಸಿಕ ಆಸ್ಪತ್ರೆ ಸೇರಿದರು, ಅದೇ ವರ್ಷ ಕೊನೆಯ ಮಗು ಹುಟ್ಟಿತು, ಅದೇ ವರ್ಷ ಅವರು ಮತ್ತೆ ಕಛೇರಿ ಪ್ರವಾಸಕ್ಕೆ ಹೊರಟರು. ಮನೆಗೆ ಬೇಕಾದ ಹಣ ಬರುತ್ತಿದ್ದದ್ದು ಅವರ ಹತ್ತು ಬೆರಳಿನಿಂದ. ಕೊನೆಯ ಸಾರ್ವಜನಿಕ ಕಛೇರಿ ನಡೆದದ್ದು 1891ರಲ್ಲಿ. ಮಹಾನ್ ಪಿಯಾನಿಸ್ಟರ ಪಟ್ಟಿ ಮಾಡುವವರು ಅವರ ಹೆಸರನ್ನು ರಾಬರ್ಟ್ ಶೂಮನ್‌ರ ಹೆಂಡತಿ ಎಂಬ ಒಕ್ಕಣೆಯೊಂದಿಗೆ ಬರೆಯುವುದು ನನಗೆ ಇಂದಿಗೂ ನೋವು ಕೊಡುತ್ತದೆ.

ಒಂಟಿತನ ನಿಜ. ಹೋಟೆಲು, ಸಭಾಂಗಣ, ನಿಲ್ದಾಣ. ಆರ್ಕೆಸ್ಟ್ರಾದವರಿಗೆ ಜೊತೆಗಾರರಿದ್ದಾರೆ, ಏಕವಾದಕರಿಗೆ ವೇದಿಕೆಯ ಮೇಲೂ ಯಾರಿಲ್ಲ. ಆರ್ಗೆರಿಚ್ 1980ರ ದಶಕದಿಂದ ಒಬ್ಬರೇ ನುಡಿಸುವುದನ್ನು ಬಹುಮಟ್ಟಿಗೆ ಬಿಟ್ಟು, ಗೆಳೆಯರ ಜೊತೆ ಮತ್ತು ಆರ್ಕೆಸ್ಟ್ರಾಗಳ ಜೊತೆ ನುಡಿಸುತ್ತ ಬಂದದ್ದಕ್ಕೆ ಅವರೇ ಕೊಟ್ಟ ಕಾರಣ ಈ ಒಂಟಿತನ.

ಅಷ್ಟು ದೊಡ್ಡವರಿಗೂ ವೇದಿಕೆಯ ಭಯ ಇರುತ್ತದೆಯೇ?

ಇರುತ್ತದೆ. ಹೊರೊವಿಟ್ಸ್ 1953ರಿಂದ 1965ರವರೆಗೆ, ಹನ್ನೆರಡು ವರ್ಷ, ಸಭೆಯ ಮುಂದೆ ಕೂರಲಿಲ್ಲ. ಗೂಲ್ಡ್ 1964ರಲ್ಲಿ, 31ನೇ ವಯಸ್ಸಿಗೆ, ಕಛೇರಿಗಳನ್ನೇ ಬಿಟ್ಟು ಧ್ವನಿಮುದ್ರಣ ಕೊಠಡಿ ಸೇರಿದರು. ನಾನು ಕಂಡದ್ದು ಇಷ್ಟು: ತೆರೆಮರೆಯಲ್ಲಿ ಕೈ ತಣ್ಣಗಾಗುತ್ತದೆ. ಬಿಸಿನೀರಿನಲ್ಲಿ ಕೈ ಅದ್ದುವವರಿದ್ದಾರೆ, ಕೈಗವಸು ಹಾಕಿಕೊಂಡು ಅತ್ತಿತ್ತ ಓಡಾಡುವವರಿದ್ದಾರೆ. ಆಗ ಯಾರೂ ಅವರೊಂದಿಗೆ ಮಾತಾಡಬಾರದು. ಬಾಗಿಲು ತೆರೆದ ಕೂಡಲೇ ನಡೆದುಬಿಡುತ್ತಾರೆ.

ಕೈಗೆ ಪೆಟ್ಟಾದರೆ ಎಲ್ಲ ಮುಗಿಯಿತೇ?

ಲಿಯಾನ್ ಫ್ಲೈಶರ್ ಅವರ ಬಲಗೈಯ ಕೊನೆಯ ಎರಡು ಬೆರಳು 1964ರ ಸುಮಾರಿಗೆ ಒಳಕ್ಕೆ ಸುರುಟಿಕೊಳ್ಳತೊಡಗಿದವು. ಆಗ ವಯಸ್ಸು 36, ಕೀರ್ತಿ ಏರುತ್ತಿದ್ದ ಕಾಲ. ಫೋಕಲ್ ಡಿಸ್ಟೋನಿಯ ಎಂಬ ನರಸಂಬಂಧಿ ತೊಂದರೆ ಅದು, ಬೆರಳಿಗೆ ಮೆದುಳಿನಿಂದ ಬರುವ ಆಜ್ಞೆಗಳೇ ಕಲಸಿಹೋಗುವುದು. ಹೆಚ್ಚು ಅಭ್ಯಾಸ ಮಾಡಿದರೆ ಸರಿಹೋಗುವಂಥದ್ದಲ್ಲ. ಅವರು ಪಾಠ ಹೇಳಿದರು, ಆರ್ಕೆಸ್ಟ್ರಾ ನಿರ್ದೇಶಿಸಿದರು, ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು. ಅಂಥ ಕೃತಿಗಳು ಇರುವುದಕ್ಕೆ ಮುಖ್ಯ ಕಾರಣ ಇನ್ನೊಬ್ಬ ಪಿಯಾನಿಸ್ಟ್, ಪಾಲ್ ವಿಟ್‌ಗೆನ್‌ಸ್ಟೈನ್. ಮೊದಲ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ಅವರು ಹಲವು ಸಂಗೀತಕಾರರಿಂದ ಎಡಗೈ ಕೃತಿಗಳನ್ನು ಬರೆಸಿದರು. ರವೆಲ್ ಬರೆದ ಕನ್ಚೆರ್ಟೊವನ್ನು 1932ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ್ದೂ ಅವರೇ. ಕಣ್ಣು ಮುಚ್ಚಿ ಆ ಕೃತಿ ಕೇಳಿದರೆ ನುಡಿಸುತ್ತಿರುವುದು ಒಂದೇ ಕೈ ಎಂದು ಯಾರೂ ನಂಬುವುದಿಲ್ಲ.

ಫ್ಲೈಶರ್ ಅವರಿಗೆ ಮೂವತ್ತು ವರ್ಷಗಳ ನಂತರ ಬೊಟಾಕ್ಸ್ ಚುಚ್ಚುಮದ್ದಿನಿಂದ ಬಿಗಿತ ಸಡಿಲವಾಯಿತು. 2004ರಲ್ಲಿ ಎರಡೂ ಕೈಗಳ ಧ್ವನಿಮುದ್ರಣ ಬಂತು.

ಪಿಯಾನಿಸ್ಟರು ನಿವೃತ್ತರಾಗುವುದು ಯಾವಾಗ?

ಬ್ರೆಂಡೆಲ್ 2008ರ ಡಿಸೆಂಬರಿನಲ್ಲಿ, ಇನ್ನೂ ಚೆನ್ನಾಗಿ ನುಡಿಸುತ್ತಿರುವಾಗಲೇ, ತಾವಾಗಿ ನಿಲ್ಲಿಸಿದರು. ಆರ್ಥರ್ ರುಬಿನ್‌ಸ್ಟೈನ್ 1976ರಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಕೊನೆಯ ಸಲ ನುಡಿಸಿದಾಗ ಎದುರಿನ ಕೀಗಳೇ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮಿಯೆಚಿಸ್ಲಾವ್ ಹೊರ್ಶೋವ್ಸ್ಕಿ 1991ರಲ್ಲಿ ಫಿಲಡೆಲ್ಫಿಯಾದಲ್ಲಿ ಕೊನೆಯ ಕಛೇರಿ ಕೊಟ್ಟಾಗ ಅವರಿಗೆ 99. ಅವರ ಕಣ್ಣೂ ಆ ಹೊತ್ತಿಗೆ ಮಂಜಾಗಿತ್ತು. ಹೊಸದನ್ನು ಓದಲಾಗುತ್ತಿರಲಿಲ್ಲ, ನುಡಿಸಿದ್ದೆಲ್ಲ ಕಿವಿಯಲ್ಲಿ ಎಂದೋ ಕೂತಿದ್ದದ್ದು. 1993ರಲ್ಲಿ, 101 ತುಂಬಲು ಒಂದು ತಿಂಗಳಿರುವಾಗ ತೀರಿಕೊಂಡರು. ಅದಕ್ಕೆ ಒಂದು ವಾರ ಮುಂಚೆ ಪಾಠ ಹೇಳಿದ್ದರು.